ಎ-2 ಜಾಕೆಟ್: 38 ಸಾಕೇ, 40 ಬೇಕೇ?

ನಿಮ್ಮ ಎದೆಯ ಸುತ್ತಳತೆ 38 ಇಂಚು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವೈಮಾನಿಕರು ತೊಡುತ್ತಿದ್ದ ಎ-2 ಚರ್ಮದ ಜಾಕೆಟ್ಟಿನ ಹೊಸ ಪ್ರತಿಯನ್ನು ತರಿಸಬೇಕೆಂದಿದ್ದೀರಿ. ಚಿತ್ರದಲ್ಲಿ ಗಿಡ್ಡವಾಗಿ ಕಾಣುತ್ತದೆ, 40 ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ.

ನನ್ನದೂ 38. ಉದ್ದ ಬರಲಿ ಎಂಬ ಆಸೆಗೆ ಎರಡು ಸೈಜ್ ಏರಿಸಿ 42 ತರಿಸಿದ್ದೆ. ಉದ್ದ ಹೆಚ್ಚಿದ್ದು ಎರಡು ಬೆರಳೂ ಇಲ್ಲ. ಅಗಲ ಮಾತ್ರ ನನ್ನ ಜೊತೆ ಇನ್ನೊಬ್ಬನನ್ನೂ ಸೇರಿಸಿಕೊಳ್ಳುವಷ್ಟು. ಡಿಸೆಂಬರಿನ ಒಂದು ಬೆಳಗಿನ ಜಾವ ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟಕ್ಕೆ ಬೈಕಿನಲ್ಲಿ ಹೊರಟೆ. ಕೊರಳಿನಿಂದ ನುಗ್ಗಿದ ಗಾಳಿ ಬೆನ್ನಿನಲ್ಲಿ ತುಂಬಿಕೊಂಡು, ಮೇಲೆ ತಲುಪುವಷ್ಟರಲ್ಲಿ ಹಲ್ಲು ಕಟಕಟ. ಹಿಡಿಸಿಕೊಡಿ ಎಂದು ಟೈಲರ್ ಬಳಿ ಒಯ್ದೆ. ಅವರು ಹೊಲಿಗೆಯ ಮೇಲೆ ಉಗುರಾಡಿಸಿ, "ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು ಸಾರ್, ಚರ್ಮದಲ್ಲಿ ಸೂಜಿ ಇಳಿದ ತೂತು ಮುಚ್ಚುವುದಿಲ್ಲ" ಎಂದು ಮಡಚಿ ವಾಪಸ್ ಕೊಟ್ಟರು.

ಗಿಡ್ಡವಾಗಿರುವುದೇ ಇದರ ಲಕ್ಷಣ. ಅಮೆರಿಕದ ಸೇನೆಯ ವಾಯುದಳ ಈ ಮಾದರಿಯನ್ನು ಒಪ್ಪಿಕೊಂಡದ್ದು 1931ರಲ್ಲಿ. ಆಗಿನ ಪ್ಯಾಂಟುಗಳು ಹೊಕ್ಕುಳದ ಮಟ್ಟಕ್ಕೆ ನಿಲ್ಲುತ್ತಿದ್ದವು. ಜಾಕೆಟ್ಟಿನ ಹೆಣಿಗೆಯ ಪಟ್ಟಿ ಸರಿಯಾಗಿ ಬೆಲ್ಟಿನ ಮೇಲೆ ಬಂದು ಕೂರುತ್ತಿತ್ತು. ನಾವು ಸೊಂಟದಿಂದ ಜಾರುವ ಜೀನ್ಸ್ ತೊಟ್ಟು, ಅಂಗಿ ಇಣುಕಿತೆಂದು ಜಾಕೆಟ್ಟನ್ನು ಬೈಯುತ್ತೇವೆ. ಬದಲಿಸಬೇಕಾದದ್ದು ಪ್ಯಾಂಟನ್ನು.

ಒಳಗಿನ ಪಟ್ಟಿಯ ಮೇಲಿರುವ ಸಂಖ್ಯೆಯನ್ನು ನಂಬಬೇಡಿ, ತಯಾರಕರಿಂದ ತಯಾರಕರಿಗೆ ಅದು ಬದಲಾಗುತ್ತದೆ. ಜಿಪ್ ಎಳೆದು ನೆಲದ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಎಷ್ಟಿದೆ ಎಂದು ಮಾರುವವರನ್ನೇ ಕೇಳಿ. ನಿಮ್ಮ ಮೈಗೆ 21 ಇಂಚಿನ ಆಸುಪಾಸು ಸಾಕು. ಅಂದರೆ ಸುತ್ತಲೂ ಸೇರಿ ಎದೆಗಿಂತ ನಾಲ್ಕು ಇಂಚು ಸಡಿಲ. ಒಳಗೆ ಅಂಗಿಯ ಮೇಲೊಂದು ತೆಳು ಸ್ವೆಟರ್ ಹಿಡಿಯುತ್ತದೆ. ಹೊಟ್ಟೆ ಮುಂದೆ ಬಂದಿದ್ದರೆ ಅದನ್ನೂ ಅಳೆಯಿರಿ, ಉಸಿರು ಒಳಗೆಳೆದುಕೊಳ್ಳದೆ.

ಭುಜದ ಹೊಲಿಗೆ ಭುಜದ ಮೂಳೆಯ ಅಂಚಿನಲ್ಲೇ ನಿಲ್ಲಬೇಕು. ತೋಳು ಹೊಸದರಲ್ಲಿ ಅರ್ಧ ಇಂಚು ಉದ್ದವೆನಿಸಿದರೆ ಗಾಬರಿ ಬೇಡ, ತೊಟ್ಟಂತೆ ಮೊಣಕೈ ಬಳಿ ನೆರಿಗೆ ಬಿದ್ದು ಮೇಲೆ ಸರಿಯುತ್ತದೆ. ಕೈ ಎತ್ತಿದರೆ ಇಡೀ ಜಾಕೆಟ್ ಮೇಲೇರುತ್ತದೆ, ಏಕೆಂದರೆ ಎ-2 ಬೆನ್ನು ಒಂದೇ ಸಪಾಟು. ಅಮೆರಿಕದ ನೌಕಾಪಡೆಯ ಜಿ-1ರಲ್ಲಿ ಭುಜದ ಹಿಂದೆ ಬಿಚ್ಚಿಕೊಳ್ಳುವ ಮಡಿಕೆಗಳಿವೆ. ಬೈಕ್ ಓಡಿಸುವುದೇ ಮುಖ್ಯವಾದರೆ ನಾನಂತೂ ಅದನ್ನೇ ಹೇಳುತ್ತೇನೆ.

ನನ್ನ 42 ಈಗ ಭಾವಮೈದುನನ ಮೈಮೇಲಿದೆ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಒಯ್ಯುವಾಗ ಅದನ್ನೇ ಹಾಕಿಕೊಳ್ಳುತ್ತಾನೆ, ಅವನಿಗದು ಹೊಲಿಸಿದಂತಿದೆ.