ಗಣಿ ಮಣ್ಣಲ್ಲಿ ಸಸಿ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಸಂಡೂರಿನ ಹತ್ತಿರ ನಮ್ಮ ಹೊಲದಂಚಿಗೆ ಹಳೆ ಅದಿರು ಗಣಿಯ ಮಣ್ಣು ಕೊಚ್ಚಿ ಬಂದಿದೆ. ಎರಡು ಮಳೆಗಾಲ ಬೇವಿನ ಸಸಿ ನೆಟ್ಟೆ, ಎಲ್ಲಾ ಒಣಗಿದವು. ಏನು ಮಾಡಲಿ ಸರ್?

ಉತ್ತರ: ಬೇವಿನ ತಪ್ಪಲ್ಲ ಬಿಡಿ. ಒಂದು ಗುದ್ದಲಿ ಮಣ್ಣು ಎತ್ತಿ ನೋಡಿ. ಎರೆಹುಳ ಇದೆಯಾ? ಬೇರಿನ ಎಳೆ? ಗಣಿ ರಾಶಿಯಿಂದ ಬಂದದ್ದು ಬರೀ ಕಲ್ಲುಪುಡಿ. ಸಾರಜನಕ, ಕೊಳೆತ ಎಲೆ ಅದರಲ್ಲಿ ಇಲ್ಲವೆಂದೇ ಹೇಳಬೇಕು.

ಮೊದಲು ಮೇಲಿಂದ ಹರಿದು ಬರುವ ನೀರನ್ನು ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಬದು ಹಾಕಿ ತಡೆಯಿರಿ. ಬದುವಿನ ಗುಂಟ ಲಾವಂಚ ನೆಡಿ. ಅದರ ಬೇರು ನೇರ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ. ಮೊದಲ ವರ್ಷ ಮರದ ಆಸೆ ಬೇಡ. ಸೆಣಬು, ಹುರುಳಿ ಚೆಲ್ಲಿ, ಹೂ ಬರುವಾಗ ಹಸಿರು ಗೊಬ್ಬರವಾಗಿ ಅಲ್ಲೇ ಮಣ್ಣಿಗೆ ಮಗುಚಿ. ಕೆರೆಗೋಡು, ಅಂದರೆ ಕೆರೆಯ ಹೂಳು, ಸಿಕ್ಕರೆ ಇನ್ನೂ ಒಳ್ಳೆಯದು. ಎರಡನೇ ವರ್ಷ ಹೊಂಗೆ, ಸೀತಾಫಲ, ಕಮರ ನೆಡಿ. ಗುಂಡಿಗೆ ಒಂದು ಪುಟ್ಟಿ ಗೊಬ್ಬರ ಹಾಕಿ, ಬೇರೆ ಕಡೆಯ ಹೊಂಗೆ ಮರದ ಬುಡದ ಮಣ್ಣನ್ನೂ ಒಂದು ಹಿಡಿ ಸೇರಿಸಿ. ಗಾಳಿಯ ಸಾರಜನಕ ಹಿಡಿದು ಹೊಂಗೆಗೆ ಕೊಡುವ ಬೇರುಗಂಟಿನ ಸೂಕ್ಷ್ಮಜೀವಿ ಅದರ ಜೊತೆ ಬರುತ್ತೆ.

ಇನ್ನೊಂದು ಮಾತು. 2011ರಲ್ಲಿ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ನೆಲ ಸರಿಪಡಿಸುವ ಯೋಜನೆಯನ್ನು ಆಮೇಲೆ ಕಡ್ಡಾಯ ಮಾಡಿತು. ಮೇಲಿನ ಗಣಿಗೆ ಅಂಥ ಯೋಜನೆ ಇದೆಯಾ ಅಂತ ವಿಚಾರಿಸಿ. ರಾಶಿಯ ಬುಡಕ್ಕೆ ತಡೆಗೋಡೆ ಬಾರದಿದ್ದರೆ ನಿಮ್ಮ ಬದು ಪ್ರತಿ ಮಳೆಗೂ ಹೂತುಹೋಗುತ್ತೆ.