ಪುಟ್ಟ ಪಾರ್ಕಿಗೆ ಜನ ಬರಬೇಕಾದರೆ

ಪ್ರಶ್ನೆ: ನಮ್ಮ ಮನೆ ಹತ್ತಿರ ಒಂದು ಪುಟ್ಟ ಪಾರ್ಕಿದೆ. ಬೆಳಿಗ್ಗೆ ವಾಕಿಂಗ್‌ನವರು ಬಂದು ಹೋದ ಮೇಲೆ ಇಡೀ ದಿನ ಖಾಲಿ, ಎಷ್ಟೋ ಸಲ ಗೇಟಿಗೆ ಬೀಗ. ಬೀದಿಯವರೆಲ್ಲ ಸೇರಿ ಏನಾದರೂ ಮಾಡೋಣ ಅಂತಿದ್ದೇವೆ. ಚಂದಾ ಎತ್ತಿ ಕಾರಂಜಿ ಹಾಕಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ತಿಳಿಸಿ.
– ಓದುಗರು, ಚಾಮರಾಜಪೇಟೆ, ಬೆಂಗಳೂರು

ಉತ್ತರ: ಕಾರಂಜಿ ಸದ್ಯಕ್ಕೆ ಬೇಡ. ಪಂಪ್ ಕೆಟ್ಟ ದಿನ ರಿಪೇರಿ ಯಾರು ಮಾಡಿಸಬೇಕು ಅಂತ ಜಗಳ ಶುರು, ನಿಂತ ನೀರಲ್ಲಿ ಸೊಳ್ಳೆ.

ಮೊದಲು ಬೀಗದ ವಿಷಯ ನೋಡಿ. 2024ರಲ್ಲೇ ಬೆಂಗಳೂರಿನ ಪಾಲಿಕೆ ಪಾರ್ಕುಗಳ ಸಮಯವನ್ನು ಬೆಳಿಗ್ಗೆ 5ರಿಂದ ರಾತ್ರಿ 10ಕ್ಕೆ ವಿಸ್ತರಿಸಿದ್ದಾರೆ. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಬೀದಿಯವರೆಲ್ಲ ಸಹಿ ಹಾಕಿ ಒಂದು ಅರ್ಜಿ ಕೊಡಿ, ಗೇಟು ಮಧ್ಯಾಹ್ನವೂ ತೆರೆದಿರಲಿ ಅಂತ ಕೇಳಿ. ಊರಿನ ಅರಳಿಕಟ್ಟೆಗೆ ಯಾರಾದರೂ ಬೀಗ ಹಾಕಿದ್ದರೆ ಅಲ್ಲಿ ಜನ ಕೂರುತ್ತಿದ್ದರಾ, ನೀವೇ ಹೇಳಿ.

ಆಮೇಲೆ ಸುಮ್ನೆ ಹೋಗಿ ಕೂತು ನೋಡಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಒಂದೂವರೆಗೆ ಹೋಗಿ. ಕಲ್ಲುಬೆಂಚು ಬಿಸಿಲಲ್ಲಿ ಕಾದು ಕೂರೋಕೇ ಆಗುವುದಿಲ್ಲ, ಹೊಂಗೆ ಮರದ ನೆರಳೆಲ್ಲ ಬೆಂಚೇ ಇಲ್ಲದ ಕಡೆ ಬಿದ್ದಿರುತ್ತದೆ, ನಲ್ಲಿಯಲ್ಲಿ ನೀರಿರುವುದಿಲ್ಲ, ಡೆಲಿವರಿ ಹುಡುಗರು ಗೇಟಿನ ಹೊರಗೆ ಬೈಕ್ ಮೇಲೇ ಕೂತು ಡಬ್ಬಿ ಊಟ ಮಾಡುತ್ತಿರುತ್ತಾರೆ. ಪಾರ್ಕಿಗೆ ಬರಬೇಕಾದವರು ಅಲ್ಲೇ ಇದ್ದಾರೆ, ಒಳಗೆ ಕೂರೋಕೆ ಜಾಗ ಇಲ್ಲ, ಅಷ್ಟೇ. ಬೆಂಚನ್ನು ನೆರಳಿಗೆ ಸರಿಸುವುದು, ನಲ್ಲಿ ಸರಿ ಮಾಡಿಸುವುದು ಕಾರಂಜಿಗಿಂತ ಎಷ್ಟೋ ಅಗ್ಗ.

ಅಮೆರಿಕದ ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚಿಕ್ಕ ಚಿಕ್ಕ ಚೌಕಗಳ ಮೇಲೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಅಂತ ವರ್ಷಗಟ್ಟಲೆ ನೋಡಿದರು. ಅವರಿಗೆ ಗೊತ್ತಾಗಿದ್ದು ತೀರಾ ಸರಳ ಮಾತು: ಕೂರೋಕೆ ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಅದೇ ಊರಿನ ನಡುವೆ ಇರುವ ಬ್ರಯಾಂಟ್ ಪಾರ್ಕ್ ಆಗ ಡ್ರಗ್ಸ್ ಮಾರುವವರ ಜಾಗ ಆಗಿಹೋಗಿತ್ತು. 1988ರಲ್ಲಿ ಮುಚ್ಚಿ, ವೈಟ್ ಅವರ ಸಲಹೆಯಂತೆ ಒಳಗಿನದು ಕಾಣದಂತೆ ಮುಚ್ಚಿದ್ದ ಪೊದೆಗಳನ್ನು ತೆಗೆದು, ಒಳಗೆ ಬರುವ ದಾರಿ ಅಗಲ ಮಾಡಿ, ಬೇಕಾದ ಕಡೆ ಎತ್ತಿಕೊಂಡು ಹೋಗುವಂಥ ಹಗುರ ಕುರ್ಚಿಗಳನ್ನು ಹಾಕಿ 1992ರಲ್ಲಿ ಮತ್ತೆ ತೆರೆದರು. ಈಗ ಅಲ್ಲಿ ಜನವೋ ಜನ. ಆದರೆ ಅದರ ಹಿಂದೆ ಸುತ್ತಲಿನ ದೊಡ್ಡ ಕಟ್ಟಡಗಳ ದುಡ್ಡಿದೆ, ನಮ್ಮ ಬೀದಿಗೆ ಆ ಲೆಕ್ಕ ಹೊಂದುವುದಿಲ್ಲ. ನಾವು ತಗೊಳ್ಳಬೇಕಾದ್ದು ಕುರ್ಚಿಯ ಪಾಠ.

ಇನ್ನು ಕಾರ್ಯಕ್ರಮ. ವೇದಿಕೆ, ಶಾಮಿಯಾನ, ಮುಖ್ಯ ಅತಿಥಿ ಯಾವುದೂ ಬೇಡ. ನಮ್ಮ ಕಬ್ಬನ್ ಪಾರ್ಕಿನಲ್ಲಿ ‘ಕಬ್ಬನ್ ರೀಡ್ಸ್’ ಹೇಗೆ ಬೆಳೆಯಿತು ನೋಡಿ: ಶನಿವಾರ ಬೆಳಿಗ್ಗೆ ಒಂದು ಚಾಪೆ, ಒಂದು ಪುಸ್ತಕ ತಂದು ಮಾತಿಲ್ಲದೆ ಓದುವುದು. ಬೇರೆ ಊರುಗಳಿಗೂ ಹಬ್ಬಿತು. ನೀವು ಚೌಕಾಬಾರ ಇಡಿ, ಮಕ್ಕಳಿಗೆ ಕಥೆ ಹೇಳುವ ಅಜ್ಜಿಯೊಬ್ಬರನ್ನು ಕರೆಯಿರಿ, ಏನಾದರೂ ಸರಿ, ವಾರ ಮತ್ತು ಹೊತ್ತು ಮಾತ್ರ ಬದಲಾಯಿಸಬೇಡಿ. ಮೂರೇ ಜನ ಬಂದ ದಿನವೂ ನಡೆಸಿ. ಹೆಚ್ಚಿನ ಕಡೆ ಇದು ನಿಲ್ಲುವುದು ಆ ಮೂರೇ ಜನ ಬಂದ ದಿನ, ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನಮ್ಮ ಪಾರ್ಕಿನಲ್ಲಿ ಮಧ್ಯಾಹ್ನ ಕೂಲಿಯವರು ಬಂದು ಮಲಗುತ್ತಾರೆ, ಹೆಂಗಸರು ಬರೋಕೆ ಹಿಂಜರಿಯುತ್ತಾರೆ. ಬೆಂಚಿನ ಮಧ್ಯೆ ಕಬ್ಬಿಣದ ಪಟ್ಟಿ ಹಾಕಿಸಿದರೆ ಹೇಗೆ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಹಾಕಿಸಬೇಡಿ. ಬೆಳಗಿನಿಂದ ಮೂಟೆ ಹೊತ್ತವರು ಒಂದು ಗಂಟೆ ನೆರಳಲ್ಲಿ ಕಣ್ಣು ಮುಚ್ಚಿದರೆ ಅದು ತಪ್ಪಲ್ಲ, ಪಾರ್ಕು ಅವರದೂ ಹೌದು. ಪಟ್ಟಿ ಹಾಕಿದರೆ ಮಂಡಿ ನೋವಿನ ಅಜ್ಜಿಯೂ ಕಾಲು ಚಾಚುವ ಹಾಗಿಲ್ಲ. ಹೆಂಗಸರ ಅಳುಕು ನಿಜ, ಅದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ವೈಟ್ ಅವರೂ ಹೇಳಿದ್ದು ಅದನ್ನೇ, ಒಂದು ಜಾಗದಲ್ಲಿ ಹೆಂಗಸರು ಎಷ್ಟು ಜನ ಕೂತಿದ್ದಾರೆ ಅನ್ನುವುದರಿಂದ ಆ ಜಾಗದ ಆರೋಗ್ಯ ಗೊತ್ತಾಗುತ್ತದೆ ಅಂತ. ಇದಕ್ಕೆ ಉಪಾಯ ಯಾರನ್ನೂ ಓಡಿಸುವುದಲ್ಲ, ಇನ್ನಷ್ಟು ಜನರನ್ನು ಕರೆತರುವುದು. ರಸ್ತೆಯಿಂದ ಒಳಗೆ ಕಾಣುವ ಹಾಗೆ ಬೇಲಿ ಗಿಡ ಸೊಂಟದೆತ್ತರಕ್ಕೆ ಕತ್ತರಿಸಿ, ಸಂಜೆಗೆ ದೀಪ ಉರಿಯುತ್ತದಾ ನೋಡಿ, ಹೆಂಗಸರು ನಾಲ್ಕೈದು ಜನ ಒಟ್ಟಿಗೇ ಬರಲಿ.

ಪ್ರಶ್ನೆ: ಪಾರ್ಕಿನ ಮೂಲೆಯಲ್ಲಿ ನಮ್ಮ ಸಂಘದ ಕಚೇರಿಗೆ ಒಂದು ಕೋಣೆ ಕಟ್ಟಬಹುದಾ?
– ಓದುಗರು, ತುಮಕೂರು

ಉತ್ತರ: ಬೇಡ. ಪಾರ್ಕು, ಆಟದ ಮೈದಾನಗಳನ್ನು ಉಳಿಸಲೆಂದೇ 1985ರ ಕರ್ನಾಟಕ ಕಾಯ್ದೆಯಿದೆ. ಇವತ್ತು ಸಂಘಕ್ಕೆ ಒಂದು ಕೋಣೆ ಎದ್ದರೆ ನಾಳೆ ಇನ್ನೊಬ್ಬರು ಬೇರೆ ಏನೋ ಕಟ್ಟುತ್ತಾರೆ, ಆಗ ತಡೆಯೋಕೆ ನಿಮಗೆ ಬಾಯಿ ಇರುವುದಿಲ್ಲ. ಚಾಪೆ, ಪೊರಕೆ, ಕುರ್ಚಿ ಇಡೋಕಾದರೆ ಪಕ್ಕದ ಅಂಗಡಿಯವರನ್ನು ಕೇಳಿ, ಸಭೆಯನ್ನು ಮರದ ಕೆಳಗೇ ಮಾಡಿ.