ಬಿಸಿಯಾಗೋ ಪದ್ಮಿನಿ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ. ನೀವು ಕಳಿಸಿದ ‘ಪದ್ಮಿನಿ ಕಾರಿನ ಇಂಜಿನ್ ಅತಿತಾಪ: ಹತ್ತು ಕಾರಣಗಳು’ ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡ್ಕೊಂಡು. ಈಗಿರೋ ಹಾಗೆ ಪತ್ರಿಕೆಲಿ ಹಾಕಕ್ಕಾಗಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಎರಡು ಸಾಲಿನ ಉತ್ತರ ಬರೆದು ವಾಪಸ್ ಕಳಿಸಕ್ಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ಒಂದು ಒಳ್ಳೆ ಬರಹ ಅದರೊಳಗೇ ಇದೆ, ನಾಲ್ಕನೇ ಪುಟದಲ್ಲಿ, ಏಳನೇ ಕಾರಣದ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ.

ಅಲ್ಲಿ ನೀವು ಬರೆದಿರೋದು ಇಷ್ಟೇ: ನಿಮ್ಮ ಕಾರು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಬಿಸಿ ಆಗ್ತಿರಲಿಲ್ಲ, ಹಾಸನದ ರಸ್ತೆಲಿ 60 ದಾಟಿ ಒಂದು ಇಪ್ಪತ್ತು ನಿಮಿಷ ಓಡಿದ್ರೆ ಮಾತ್ರ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗ್ತಿತ್ತು, ಕೊನೆಗೆ ರೇಡಿಯೇಟರ್‌ನಿಂದ ಇಂಜಿನ್‌ಗೆ ನೀರು ಒಯ್ಯೋ ಕೆಳಗಿನ ಹೋಸ್ ಪೈಪ್ ಬದಲಾಯಿಸಿದ್ರಿ, ಸರಿ ಹೋಯ್ತು. ಅಷ್ಟು ಬರೆದು ಎಂಟನೇ ಕಾರಣಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಹಳೇ ಕಾರು ಇಟ್ಕೊಂಡಿರೋ ಯಾರನ್ನ ಬೇಕಾದ್ರೂ ಕೇಳಿ, ನಿಧಾನಕ್ಕೆ ಹೋದ್ರೆ ಬಿಸಿನೋ ಜೋರಾಗಿ ಹೋದ್ರೆ ಬಿಸಿನೋ ಅನ್ನೋದೇ ಅವರು ಕೇಳೋ ಮೊದಲನೇ ಪ್ರಶ್ನೆ. ಅದಕ್ಕೆ ನಿಮ್ಮ ಹತ್ರ ಸ್ಪಷ್ಟವಾದ ಉತ್ತರ ಇದೆ, ಆದ್ರೆ ಲೇಖನದಲ್ಲಿ ಆ ಪ್ರಶ್ನೆನೇ ಇಲ್ಲ.

ಹತ್ತು ಕಾರಣ ಹೇಳೋದು ಕಷ್ಟ ಅಲ್ಲ. ನೀರು ಕಮ್ಮಿ, ಬೆಲ್ಟ್ ಲೂಸ್, ಥರ್ಮೋಸ್ಟಾಟ್ (ಇಂಜಿನ್ ಕಾಯೋವರೆಗೂ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಅಂಟ್ಕೊಂಡಿದೆ, ರೇಡಿಯೇಟರ್ ಕಟ್ಟಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇವೆಲ್ಲ ಓದುಗರಿಗೂ ಗೊತ್ತಿರತ್ತೆ. ರಸ್ತೆ ಬದಿ ಬಾನೆಟ್ ಎತ್ತಿ ನಿಂತಿರೋವಾಗ ಅವರಿಗೆ ಬೇಕಾಗಿರೋದು ಮೊದಲು ಯಾವುದನ್ನ ಅನುಮಾನಿಸಬೇಕು, ಯಾಕೆ, ಮತ್ತೆ ಆ ಅನುಮಾನ ನಿಜ ಅಂತ ಹೇಗೆ ಗೊತ್ತು ಮಾಡ್ಕೋಬೇಕು ಅನ್ನೋದು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿ ಆದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಆಗ ಫ್ಯಾನ್, ಬೆಲ್ಟ್, ರೇಡಿಯೇಟರ್ ಮುಂದೆ ಕೂತಿರೋ ಧೂಳು ಹುಳ ನೋಡ್ಬೇಕು. ಓಡೋವಾಗ ಮಾತ್ರ ಬಿಸಿ ಆದ್ರೆ ಗಾಳಿ ಹೇಗೂ ಬೇಕಾದಷ್ಟು ಬರ್ತಿರತ್ತೆ, ತೊಂದರೆ ನೀರಿನ ಓಟದಲ್ಲಿ ಇರತ್ತೆ ಇಲ್ಲಾ ಇಂಜಿನ್ನೇ ಜಾಸ್ತಿ ಶಾಖ ಹುಟ್ಟಿಸ್ತಿರತ್ತೆ. ಈ ಒಂದು ಕವಲಲ್ಲೇ ನಿಮ್ಮ ಹತ್ತು ಕಾರಣಗಳು ಎರಡು ಪಾಲಾಗ್ತವೆ, ಓದುಗರ ಅರ್ಧ ಕೆಲಸ ಅಲ್ಲೇ ಮುಗಿಯತ್ತೆ.

ಈಗ ಆ ಹೋಸ್ ಪೈಪ್. ಅದು ಯಾಕೆ ಹಾಗೆ ಮಾಡತ್ತೆ ಅಂತ ನೀವು ಒಂದು ಪದನೂ ಬರೆದಿಲ್ಲ, ನನಗೆ ಇದು ನಿಜವಾಗ್ಲೂ ಬೇಜಾರಾಯ್ತು. ವಾಟರ್ ಪಂಪ್ ಕೆಳಗಿನ ಹೋಸ್‌ನಿಂದ ನೀರು ಎಳ್ಕೊಳತ್ತೆ. ಇಂಜಿನ್ ಜೋರಾಗಿ ತಿರುಗಿದಷ್ಟೂ ಎಳೆತ ಜಾಸ್ತಿ, ರಬ್ಬರ್ ಹಳೇದಾಗಿ ಮೆತ್ತಗಾಗಿದ್ರೆ ಆ ಎಳೆತಕ್ಕೆ ಪೈಪ್ ಒಳಕ್ಕೆ ಅಂಟ್ಕೊಂಡು ಚಪ್ಪಟೆ ಆಗತ್ತೆ, ನೀರಿನ ದಾರಿ ಕಟ್ಟತ್ತೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತೋ ಹೊತ್ತಿಗೆ ಅದು ಮತ್ತೆ ಉಬ್ಬಿ ಗುಂಡಗೆ ನಿಂತಿರತ್ತೆ. ಗ್ಯಾರೇಜಲ್ಲಿ ಐಡ್ಲಿಂಗ್‌ನಲ್ಲಿ ನೋಡಿದೋರಿಗೆ ಏನೂ ಕಾಣಲ್ಲ, ಅದಕ್ಕೇ ನಿಮ್ಮ ಕಾರನ್ನ ಇಬ್ಬರು ಮೆಕ್ಯಾನಿಕ್ಕು ನೋಡಿದ್ರೂ ಸಿಗಲಿಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತಿ ಇಂಜಿನ್ ರೇಸ್ ಮಾಡ್ಬೇಕು, ಇನ್ನೊಬ್ಬರು ಫ್ಯಾನ್‌ನಿಂದ ಕೈ ದೂರ ಇಟ್ಕೊಂಡು, ಶರ್ಟಿನ ತೋಳು ಮಡಿಚ್ಕೊಂಡು, ಆ ಪೈಪ್ ಮೇಲೇ ಕಣ್ಣಿಟ್ಟಿರಬೇಕು. ನೀವು ಅದನ್ನ ನೋಡಿದ್ರಾ? ನೋಡಿದ್ರೆ ಆ ಗಳಿಗೆ ಬರೀರಿ. ಲೇಖನ ಶುರು ಆಗ್ಬೇಕಾಗಿರೋದೇ ಅಲ್ಲಿಂದ.

ಆದ್ರೆ ಇಲ್ಲೊಂದು ಗಟ್ಟಿ ಪ್ರಶ್ನೆ ಕೇಳ್ಬೇಕು. ಐದನೇ ಪುಟದ ಖರ್ಚಿನ ವಿವರ ನೋಡಿದ್ರೆ ನೀವು ಹೋಸ್ ಹಾಕ್ಸಿದ ದಿನನೇ ರೇಡಿಯೇಟರ್ ಕಳಚಿ ಸಲಾಕೆ ಬಿಟ್ಟು ಕ್ಲೀನ್ ಮಾಡ್ಸಿದ್ದೀರಿ, ಥರ್ಮೋಸ್ಟಾಟ್ ಕೂಡ ತೆಗೆಸಿಬಿಟ್ಟಿದ್ದೀರಿ. ಒಂದೇ ದಿನ ಮೂರು ಕೆಲಸ. ಹಾಗಾದ್ರೆ ಸರಿ ಮಾಡಿದ್ದು ಹೋಸ್ ಅಂತ ಹೇಗೆ ಹೇಳ್ತೀರಿ? ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳು ಕಟ್ಟಿದ್ರೆ ನೀರು ಕೆಳಗೆ ಇಳಿಯೋದೇ ಕಮ್ಮಿ, ಆಗ ಪಂಪ್ ಇನ್ನೂ ಜೋರಾಗಿ ಎಳೆದು ಹೋಸ್ ಚಪ್ಪಟೆ ಆಗತ್ತೆ. ಅಂದ್ರೆ ಹೋಸ್ ಬರೀ ಲಕ್ಷಣ ಇರಬಹುದು, ರೋಗ ರೇಡಿಯೇಟರ್‌ದಿರಬಹುದು. ಬೆಂಗಳೂರಲ್ಲಿ ಎಷ್ಟೋ ಜನ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ತುಂಬಿಸ್ತಾರೆ, ಬಕೆಟ್ ತಳದಲ್ಲಿ ಬಿಳೀ ಪದರ ಕಟ್ಟೋ ಅದೇ ಗಡಸು ನೀರು ಆ ಕೊಳವೆಗಳಲ್ಲೂ ಪದರ ಕಟ್ಟತ್ತೆ. ನಿಮ್ಮದು ಯಾವ ನೀರು ಅಂತ ಬರೆದಿಲ್ಲ. ಬರೆದ್ರೆ ಓದುಗರಿಗೆ ಅದರಿಂದಲೇ ಒಂದು ಸುಳಿವು ಸಿಗತ್ತೆ.

ಮತ್ತೆ ಥರ್ಮೋಸ್ಟಾಟ್ ತೆಗೆಸಿದ್ದನ್ನ ನೀವು ಒಂದು ಪರಿಹಾರ ಅಂತ ಬರೆದಿದ್ದೀರಿ, ಅದನ್ನ ನಾನು ಒಪ್ಪಲ್ಲ. ನಮ್ಮ ಕಡೆ ಇದು ರೂಢಿ ಅಂತ ಗೊತ್ತು, ‘ನಮ್ಮ ಹವಾಗೆ ಬೇಡ ಸಾರ್’ ಅಂತ ಕಿತ್ತು ಕೈಗೆ ಕೊಡ್ತಾರೆ. ಥರ್ಮೋಸ್ಟಾಟ್ ಇಲ್ದಿದ್ರೆ ಇಂಜಿನ್ ಬೇಗ ಹದಕ್ಕೆ ಬರಲ್ಲ, ತಣ್ಣಗಿರೋ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಸಿಲಿಂಡರ್ ಬೇಗ ಸವೆಯತ್ತೆ. ಅದಕ್ಕಿಂತ ಮುಖ್ಯ, ನಿಜವಾದ ತೊಂದರೆ ಮರೆಯಾಗಿ ಕೂತಿರತ್ತೆ, ಘಾಟಿ ಹತ್ತೋ ದಿನ ಹೊರಗೆ ಬರತ್ತೆ. ಅದು ಕೆಟ್ಟಿದೆಯಾ ಅಂತ ನೋಡೋದು ತುಂಬಾ ಸುಲಭ: ಒಂದು ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲೆ ಇಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ಥರ್ಮೋಸ್ಟಾಟ್ ಮೇಲೆ ಅಚ್ಚಾಗಿರೋ ಡಿಗ್ರಿ ಹತ್ರ ಬಾಯಿ ಬಿಡಕ್ಕೆ ಶುರು ಮಾಡಿದ್ರೆ ಅದು ಚೆನ್ನಾಗಿದೆ. ಇದನ್ನ ಅಡುಗೆಮನೇಲಿ ನೀವೇ ಮಾಡಿ, ಏನಾಯ್ತು ಅಂತ ಬರೀರಿ, ಹೊಸದು ಕೊಳ್ಳಿ ಅನ್ನೋ ಸಾಲಿಗಿಂತ ಅದು ಎಷ್ಟೋ ಉಪಯೋಗ.

ಒಂದು ಸಾಲನ್ನಂತೂ ಯಾವ ಕಾರಣಕ್ಕೂ ಅಚ್ಚು ಮಾಡಲ್ಲ. ‘ಹಬೆ ಬಂದ ತಕ್ಷಣ ರೇಡಿಯೇಟರ್ ಮುಚ್ಚಳ ತೆರೆದು ತಣ್ಣೀರು ಸುರಿಯಬೇಕು.’ ದಯವಿಟ್ಟು ಇದನ್ನ ನಿಮ್ಮ ಕಾಪಿಯಿಂದ್ಲೂ ಅಳಿಸಿಹಾಕಿ. ಪ್ರೆಶರ್ ಕ್ಯಾಪ್ (ಒತ್ತಡ ಹಿಡಿದಿಡೋ ಮುಚ್ಚಳ) ಇರೋ ರೇಡಿಯೇಟರ್‌ನಲ್ಲಿ ಒಂದೊಂದು ಪಿಎಸ್‌ಐ ಒತ್ತಡಕ್ಕೆ ನೀರು ಕುದಿಯೋ ಮಟ್ಟ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿನೇ ಮೇಲೆ ಹೋಗತ್ತೆ, ಅಂದ್ರೆ 7 ಪಿಎಸ್‌ಐ ಕ್ಯಾಪ್ ಇದ್ರೆ ಸುಮಾರು 12 ಡಿಗ್ರಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಲಿ ನೀರು 97 ಡಿಗ್ರಿ ಹತ್ರನೇ ಕುದಿಯತ್ತೆ, ಮಡಿಕೇರಿಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಹೀಗಿರೋವಾಗ 105 ಡಿಗ್ರಿಲಿ ಒತ್ತಡದೊಳಗೆ ಸುಮ್ನೆ ಇರೋ ನೀರು ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಹಬೆಯಾಗಿ ಮುಖಕ್ಕೆ ಹಾರತ್ತೆ. ನಮ್ಮ ಮನೇಲೇ ಒಬ್ಬರಿಗೆ ಮೊಣಕೈವರೆಗೂ ಚರ್ಮ ಸುಲಿದಿತ್ತು, ಆ ಕೈ ನಾನು ನೋಡಿದ್ದೀನಿ. ಅದೂ ಅಲ್ದೆ ಪದ್ಮಿನಿ ಇಂಜಿನ್‌ದು ಬೀಡು ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರೋ ಅಲ್ಯೂಮಿನಿಯಂ ಹೆಡ್, ಕೆಂಪಗೆ ಕಾದಿರೋವಾಗ ತಣ್ಣೀರು ಬಿದ್ರೆ ಹೆಡ್ ಸೊಟ್ಟ ಆಗತ್ತೆ ಇಲ್ಲಾ ಬಿರುಕು ಬಿಡತ್ತೆ, ಹೋಸ್‌ನಲ್ಲಿ ಮುಗಿಯೋ ಖರ್ಚು ಹೆಡ್‌ವರೆಗೂ ಹೋಗತ್ತೆ. ಇಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು, ಕಮ್ಮಿ ಅಂದ್ರೂ ಅರ್ಧ ಗಂಟೆ ಕಾಯ್ಬೇಕು. ಮೇಲಿನ ಹೋಸ್ ಕೈಲಿ ಹಿಡಿಯೋ ಅಷ್ಟು ಆರಿದ ಮೇಲೇ, ದಪ್ಪ ಬಟ್ಟೆ ಹಾಕಿ ಮುಚ್ಚಳ ನಿಧಾನಕ್ಕೆ ತಿರುಗಿಸ್ಬೇಕು.

ಮೂರನೇ ಕಾರಣ ಪೂರ್ತಿ ತೆಗೀರಿ. ‘ಫ್ಯಾನ್ ಗಾಳಿಯನ್ನು ಚಕ್ರದ ಗೂಡಿನ ಕಡೆಗೆ ತಳ್ಳುತ್ತದೆ’ ಅಂತ ಇದೆ, ಅದು ಬ್ರಿಟನ್ನಿನ ಹಳೇ ಮಿನಿ ಕಾರಿನ ವಿಷಯ. 1959ರಲ್ಲಿ ಬಂದ ಆ ಕಾರಲ್ಲಿ ಅದರ ವಿನ್ಯಾಸ ಮಾಡಿದ ಅಲೆಕ್ ಇಸ್ಸಿಗೋನಿಸ್ ಇಂಜಿನನ್ನ ಅಡ್ಡಕ್ಕೆ ಕೂರಿಸಿದ್ರು, ಹಾಗಾಗಿ ರೇಡಿಯೇಟರ್ ಪಕ್ಕಕ್ಕೆ ಹೋಗಿ ಮುಂಚಕ್ರದ ಕಡೆ ಮುಖ ಮಾಡ್ತು. ನಮ್ಮ ಪದ್ಮಿನಿಲಿ 1089 ಸಿಸಿ ಇಂಜಿನ್ ಉದ್ದಕ್ಕೆ ಕೂತಿದೆ, ರೇಡಿಯೇಟರ್ ಗ್ರಿಲ್ ಹಿಂದೆ ನೇರಕ್ಕಿದೆ, ಒಂದೇ ಬೆಲ್ಟ್ ಫ್ಯಾನ್, ಪಂಪ್, ಡೈನಮೋ ಮೂರನ್ನೂ ತಿರುಗಿಸತ್ತೆ, ಅದಕ್ಕೇ ಬಿಸಿ ಜೊತೆಗೆ ಚಾರ್ಜಿಂಗ್ ದೀಪನೂ ಹತ್ಕೊಂಡ್ರೆ ಬೇರೇನೂ ಯೋಚ್ನೆ ಮಾಡ್ದೆ ಬೆಲ್ಟ್ ನೋಡ್ಬೇಕು. ಎಲ್ಲಿಂದಲೋ ಓದಿದ್ದನ್ನ ನಿಮ್ಮ ಕಾರಿನ ಮುಂದೆ ನಿಂತು ಒಂದ್ಸಲ ಸರಿನಾ ಅಂತ ನೋಡಿದ್ರೆ ಈ ತಪ್ಪು ಆಗ್ತಿರಲಿಲ್ಲ. ಹಾಗೇ ಪದ್ಮಿನಿ 1964ರಲ್ಲಿ ಬಂತು ಅಂತ ಬರೆದಿದ್ದೀರಿ. ಆ ವರ್ಷ ಬಂದಿದ್ದು ಫಿಯೆಟ್ 1100 ಡಿಲೈಟ್, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, ಪದ್ಮಿನಿ ಅನ್ನೋ ಹೆಸರು 1974ರದ್ದು.

ಟೈಮಿಂಗ್, ಅಂದ್ರೆ ಸಿಲಿಂಡರ್ ಒಳಗೆ ಕಿಡಿ ಹಾರೋ ಹೊತ್ತಿನ ಬಗ್ಗೆ ‘ಸರಿಯಾಗಿರಬೇಕು’ ಅಂತ ಒಂದೇ ಸಾಲು. ನಿಮ್ಮ ಹಾಗೆ ಹೈವೇಲಿ ಬಿಸಿ ಆಗೋರಿಗೆ ಇದು ದೊಡ್ಡ ವಿಷಯ, ಇಲ್ಲಿ ಒಂದು ಪ್ಯಾರಾ ಬೇಕು. ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ, ಕರೆಂಟ್ ಕಡಿದು ಕಿಡಿ ಹುಟ್ಟಿಸೋ ಪಾಯಿಂಟ್‌ನ ಹಿಮ್ಮಡಿ ಸವೀತಾ ಹೋದ ಹಾಗೆ ಗ್ಯಾಪ್ ಕಮ್ಮಿ ಆಗತ್ತೆ, ಗ್ಯಾಪ್ ಕಮ್ಮಿ ಆದ್ರೆ ಕಿಡಿ ತಡ ಆಗತ್ತೆ, ಕಿಡಿ ತಡ ಆದ್ರೆ ಉರಿ ಪಿಸ್ಟನ್ ತಳ್ಳೋದು ಬಿಟ್ಟು ಸಿಲಿಂಡರ್ ಗೋಡೆಗೆ, ಎಕ್ಸಾಸ್ಟ್ ವಾಲ್ವಿಗೆ ಶಾಖ ಕೊಡತ್ತೆ. ಯಾರೂ ಏನೂ ಮುಟ್ಟದೇ ಇದ್ರೂ, ಕೆಲವು ಸಾವಿರ ಕಿಲೋಮೀಟರ್‌ನಲ್ಲಿ, ನಿಧಾನಕ್ಕೆ ಇದು ನಡೆದುಹೋಗತ್ತೆ. ರೇಡಿಯೇಟರ್‌ಗೆ ದುಡ್ಡು ಸುರಿಯೋ ಮುಂಚೆ ಒಂದು ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ತಗೊಂಡು ಗ್ಯಾಪ್ ನೋಡಿ ಅಂತ ಹೇಳಿದ್ರೆ ಎಷ್ಟೋ ಜನರ ಹಣ ಉಳಿಯತ್ತೆ.

ಇನ್ನೊಂದು ಗೊಂದಲ ಬಿಡಿಸ್ಬೇಕು. ಒಂಬತ್ತನೇ ಕಾರಣದಲ್ಲಿ ಶಿರಾಡಿ ಘಾಟಿಲಿ ಕಾರು ಬಿಸಿಯಾಗಿ ನಿಂತುಹೋಯ್ತು, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆಯ್ತು ಅಂತ ಇದೆ. ಅದೇ ಪ್ಯಾರಾದಲ್ಲಿ ಮುಳ್ಳು ನಡುವೆನೇ ಇತ್ತು, ನೀರೂ ಕಮ್ಮಿ ಆಗಿರಲಿಲ್ಲ ಅಂತನೂ ಇದೆ. ಹಾಗಿದ್ರೆ ಅದು ಬೇರೆ ರೋಗ, ಪೆಟ್ರೋಲ್ ಪಂಪಲ್ಲೋ ಪೈಪಲ್ಲೋ ಕಾದು ಆವಿಯಾಗಿ ಕಾರ್ಬುರೇಟರ್‌ಗೆ ಪೆಟ್ರೋಲ್ ಏರದೇ ಹೋಗೋದು, ವೇಪರ್ ಲಾಕ್. ನಮ್ಮಪ್ಪ ಚಾರ್ಮಾಡಿಲಿ ಕಾರು ಹೀಗೆ ನಿಂತಾಗ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ, ನಮ್ಮನ್ನೆಲ್ಲ ಇಳಿಸಿ, ಹತ್ತು ನಿಮಿಷ ತೊರೆ ಹತ್ರ ಕೂರಿಸ್ತಿದ್ರು, ಆಮೇಲೆ ಗಾಡಿ ಹೊರಡ್ತಿತ್ತು. ಎರಡನ್ನೂ ಒಂದೇ ತಲೆಬರಹದ ಕೆಳಗೆ ಹಾಕಿದ್ರೆ ಓದಿದೋರು ಘಾಟಿಲಿ ಸುಮ್ಮಸುಮ್ಮನೆ ರೇಡಿಯೇಟರ್ ಬಿಚ್ತಾರೆ.

ಭಾಷೆ ಬಗ್ಗೆ ಒಂದೇ ಮಾತು. ರೇಡಿಯೇಟರ್‌ಗೆ ‘ವಿಕಿರಕ’, ಕೂಲೆಂಟ್‌ಗೆ ‘ಶೀತಕ ದ್ರವ’ ಅಂತ ಬರೆದಿದ್ದೀರಿ. ಕನ್ನಡದ ಮೇಲಿನ ಪ್ರೀತಿಯಿಂದ ಬರೆದಿದ್ದೀರಿ ಅಂತ ಗೊತ್ತು, ಆ ಪ್ರೀತಿ ನನಗೂ ಇದೆ. ಆದ್ರೆ ಗ್ಯಾರೇಜಲ್ಲಿ ಕನ್ನಡ ಈಗಾಗ್ಲೇ ಇದೆ. ನೀರು ಕುದಿತಿದೆ, ಬೆಲ್ಟ್ ಜಾರ್ತಿದೆ, ಪೈಪ್ ಚಪ್ಪಟೆ ಆಯ್ತು, ಇಂಜಿನ್ ಹದಕ್ಕೆ ಬಂತು, ಈ ಕ್ರಿಯಾಪದಗಳಲ್ಲೇ ಅದು ಇರೋದು. ವಸ್ತುಗಳ ಹೆಸರು ಅಲ್ಲಿ ಜನ ಏನಂತಾರೋ ಹಾಗೇ ಇರಲಿ.

ಈಗ ಮಾಡ್ಬೇಕಾಗಿರೋದು ಹೇಳ್ತೀನಿ. ಥರ್ಮೋಸ್ಟಾಟ್ ಪಾತ್ರೆಲಿ ಪರೀಕ್ಷೆ ಮಾಡಿ ವಾಪಸ್ ಹಾಕ್ಸಿ, ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಸಮಸಮ ಬೆರೆಸಿ ತುಂಬಿಸಿ. ಆಮೇಲೆ ಅದೇ ಹಾಸನದ ರಸ್ತೆಲಿ, ಅದೇ ಬಿಸಿಲಿನ ಹೊತ್ತಲ್ಲಿ, ಅದೇ 60ರ ಮೇಲೆ ಅರ್ಧ ಗಂಟೆ ಓಡಿಸಿ, ಐದೈದು ನಿಮಿಷಕ್ಕೆ ಮುಳ್ಳು ಎಲ್ಲಿದೆ ಅಂತ ಪಕ್ಕದಲ್ಲಿರೋರ ಕೈಲಿ ಬರೆಸ್ಕೊಳ್ಳಿ. ಮತ್ತೆ ಬಿಸಿ ಆದ್ರೂ ನನಗೆ ಆ ಲೇಖನ ಬೇಕು, ‘ಹೋಸ್ ಅಂದ್ಕೊಂಡಿದ್ದೆ, ಅಲ್ಲ’ ಅಂತ ಬರೀರಿ, ಅದನ್ನೇ ಹಾಕ್ತೀನಿ. ಹಳೇ ಹೋಸ್ ಬಿಸಾಕಿಲ್ಲ ತಾನೇ? ಇದ್ರೆ ಉದ್ದಕ್ಕೆ ಸೀಳಿ ಒಳಗಡೆ ಫೋಟೋ ತೆಗೆದು ಜೊತೆಗೆ ಕಳಿಸಿ, ರಬ್ಬರ್ ಪದರ ಬಿಟ್ಕೊಂಡಿದ್ಯಾ ಅಂತ ನಾನೂ ನೋಡ್ಬೇಕು.